ಬಲ್ಲ ಭಾಷೆಯ ಬಳಗ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ವಿಚಾರಗಳು)

'ದೇಶ ಸುತ್ತು, ಇಲ್ಲವೆ ಕೋಶ ಓದು' ಎಂಬ ನಾಣ್ಣುಡಿಯನ್ನು ಕೇಳದವರು ವಿರಳ. ದೇಶ ಸುತ್ತುವುದೆಂದೊಡನೆ ನಮ್ಮ ಮನಸ್ಸು ಕಾಶಿಗೋ ಕಾಶ್ಮೀರಕ್ಕೋ ಹಾರುತ್ತದೆ; ನೆರೆಯ ಊರಿಗೆ ಹೋಗಿಬಂದುದನ್ನು ಯಾರೂ ದೇಶಾಟನವೆಂದು ಎಣಿಸುವುದಿಲ್ಲ. ಆದರೆ ನಮ್ಮೂರಿನ ರೂಢಿಗಳಲ್ಲಿ ಯಾವುದು ಎಲ್ಲ ಊರುಗಳಿಗೂ ಸಮಾನವಾದದ್ದು, ಯಾವುದು ನಮ್ಮೂರಿಗೇ ಮೀಸಲಾದದ್ದು ಎಂಬುದು ಮೊದಲು ತಿಳಿದುಬರುವುದು ನೆರೆಯ ಊರಿನಲ್ಲಿಯೇ. ದೂರದೇಶದಲ್ಲಿ ಎಲ್ಲವೂ ಬೇರೆಯಾಗಿರುವುದರಿಂದ ಬರಿಯ ಬೆರಗಷ್ಟೇ ಉಂಟಾಗುತ್ತದೆ. ನೆರೆಯೂರಿನಲ್ಲಿ ಹೆಚ್ಚಿನದು ನಮ್ಮಂತೆಯೇ ಇರುವುದರಿಂದ, ಬೇರೆಯಾದ ಒಂದೆರಡು ಸಂಗತಿಗಳು ಥಟ್ಟನೆ ಕಣ್ಣಿಗೆ ಬೀಳುತ್ತವೆ. ಕಂಪ್ಯೂಟರಿನ ಭಾಷೆಗಳನ್ನು ಕಲಿಯುವವರಿಗೂ ಈ ಮಾತು ಸಲ್ಲುತ್ತದೆಯೆಂಬುದು ನನ್ನ ಅಭಿಪ್ರಾಯ.

ಇಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರು, ಅವರು ಬಿ.ಎ. ಓದುತ್ತಿರಲಿ, ಬಿ.ಕಾಂ. ಓದುತ್ತಿರಲಿ, ಕಂಪ್ಯೂಟರಿನ ಒಂದು ಭಾಷೆಯನ್ನು ಕಲಿಯಲು ಹಂಬಲಿಸುತ್ತಾರೆ. ಕೆಲವರು ಸಿ, ಕೆಲವರು ಜಾವಾ, ಕೆಲವರು ಪೈಥಾನ್ ಹಿಡಿಯುತ್ತಾರೆ. ಆರು ತಿಂಗಳು ಸಂಜೆಯ ಕ್ಲಾಸಿಗೆ ಹೋಗಿ, ಸರ್ಟಿಫಿಕೇಟು ಪಡೆದು, 'ನನಗೆ ಜಾವಾ ಬರುತ್ತದೆ' ಎನ್ನುತ್ತಾರೆ. ಮುಂದೆ ಎರಡರಲ್ಲೊಂದು ನಡೆಯುತ್ತದೆ. ಒಂದೋ ಅಲ್ಲಿಗೇ ನಿಲ್ಲುತ್ತಾರೆ. ಇಲ್ಲವೆ ಪತ್ರಿಕೆಗಳು ಯಾವುದನ್ನು ಹೊಗಳುತ್ತವೆಯೋ ಅದಕ್ಕೆ ನೆಗೆಯುತ್ತಾರೆ. ಇವೆರಡೂ ಸರಿಯಾದ ದಾರಿಯಲ್ಲ. ಒಂದು ಭಾಷೆಯನ್ನು ಅರಿತವನು ಎರಡನೆಯದಾಗಿ ಅದರ ಬಳಗದ ಭಾಷೆಯೊಂದನ್ನು ಕಲಿಯಬೇಕು. ಹಾಗೆ ಕಲಿತಾಗಲೇ ಅವನಿಗೆ ತನ್ನ ಮೊದಲನೆಯ ಭಾಷೆಯೂ ನಿಜವಾಗಿ ತಿಳಿಯುತ್ತದೆ.

ಕಂಪ್ಯೂಟರಿನ ಭಾಷೆಗಳಿಗೂ ವಂಶಾವಳಿಯುಂಟು. 1967ರಲ್ಲಿ ಮಾರ್ಟಿನ್ ರಿಚರ್ಡ್ಸ್ ಎಂಬವರು ಬಿ.ಸಿ.ಪಿ.ಎಲ್. ಎಂಬ ಭಾಷೆಯನ್ನು ರಚಿಸಿದರು. ಅದರಿಂದ ಕೆನ್ ಥಾಂಪ್ಸನ್ನರ ಬಿ ಭಾಷೆಯೂ, ಆ ಬಿ ಭಾಷೆಯಿಂದ 1972ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರ ಕೈಯಲ್ಲಿ ಸಿ ಭಾಷೆಯೂ ಹುಟ್ಟಿದುವು. 1979ರಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅವರು ಅದೇ ಸಿ ಭಾಷೆಗೆ ಹೊಸ ಅಂಗಗಳನ್ನು ಜೋಡಿಸತೊಡಗಿದರು. ಅದಕ್ಕೆ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರಾಯಿತು. 1995ರಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರ ಜಾವಾ ಬೆಳಕಿಗೆ ಬಂತು. ಇವು ಒಂದೇ ಮನೆಯ ಮಕ್ಕಳು, ಮೊಮ್ಮಕ್ಕಳು. ಪೈಥಾನ್ ಮಾತ್ರ ಎ.ಬಿ.ಸಿ. ಎಂಬ ಬೇರೊಂದು ಭಾಷೆಯ ಪ್ರಭಾವದಲ್ಲಿ ಗೀಡೊ ವಾನ್ ರಾಸಮ್ ಅವರು ರಚಿಸಿ 1991ರಲ್ಲಿ ಹೊರತಂದದ್ದು. ಆದರೂ ಸಿ ಭಾಷೆಯೊಡನೆ ಅದಕ್ಕೆ ಬಹಳ ಒಡನಾಟವಿದೆ.

ಇದನ್ನು ತಿಳಿಯಲು ನಮಗೆ ಹತ್ತಿರದ ದೃಷ್ಟಾಂತವೇ ಇದೆ. ಕನ್ನಡ, ತೆಲುಗು, ತಮಿಳು ಒಂದೇ ವಂಶದವು. ಮರಾಠಿಯ ವಂಶ ಬೇರೆ. ಆದರೆ ಸಾವಿರ ವರ್ಷಗಳ ನೆರೆಹೊರೆ. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿಯೂ 1948ರ ವರೆಗೆ ಇದ್ದುದರಿಂದ ನಮ್ಮ ಭಾಗದ ಮಾತಿನಲ್ಲಿ ಮರಾಠಿ ಹೇರಳವಾಗಿ ಬೆರೆತಿದೆ. ನಮ್ಮ ತುಪ್ಪ ಅವರಲ್ಲಿ 'ತೂಪ್' ಆಗಿದೆ. ನಮ್ಮ ಅಡಕೊತ್ತು ಅವರಲ್ಲಿ 'ಅಡಕಿತ್ತಾ' ಆಗಿದೆ. ಸಿ ಭಾಷೆಗೆ ಜಾವಾ ಎಂದರೆ ಕನ್ನಡಕ್ಕೆ ತೆಲುಗು ಇದ್ದಂತೆ. ಪೈಥಾನ್ ಎಂದರೆ ಮರಾಠಿ ಇದ್ದಂತೆ.

ಬಳಗದ ಭಾಷೆಯನ್ನು ಕಲಿಯುವವನು ಒಂದೊಂದೇ ಪದವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಿಯಮವನ್ನು ಹಿಡಿದರೆ ಸಾಕು. ನಮ್ಮ ಹಾಲು, ಹುಲಿ, ಹೂವು, ಹೆಸರು ಎಂಬ ಮಾತುಗಳು ತಮಿಳಿನಲ್ಲಿ ಪಾಲ್, ಪುಲಿ, ಪೂ, ಪೆಯರ್ ಎಂದಿವೆ. ತೆಲುಗಿನಲ್ಲಿ ಪಾಲು, ಪುಲಿ, ಪುವ್ವು, ಪೇರು ಎಂದಿವೆ. ಹತ್ತನೆಯ ಶತಮಾನದಲ್ಲಿ ನಮ್ಮ ಮುಧೋಳದ ನೆಲದಲ್ಲಿ ಹುಟ್ಟಿದ ರನ್ನ ಮಹಾಕವಿಯ ಕಾಲದ ಕಾವ್ಯಭಾಷೆಯಲ್ಲಿಯೂ ಅವು ಪಾಲ್, ಪುಲಿ, ಪೂ, ಪೆಸರ್ ಎಂದೇ ಇದ್ದುವು. ಮೊದಲಿನ ಪಕಾರವು ಕನ್ನಡದಲ್ಲಿ ಹಕಾರವಾಯಿತೆಂಬ ಒಂದೇ ಸೂತ್ರ ಕೈಗೆ ಸಿಕ್ಕರೆ ಹಳಗನ್ನಡದ ಬಾಗಿಲೂ ತಮಿಳಿನ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಬರಿಯ ಹೊಸಗನ್ನಡವನ್ನೇ ಬಲ್ಲವನಿಗೆ ಹಾಲು ಎಂಬುದರಲ್ಲಿ ಇಷ್ಟು ಚರಿತ್ರೆ ಅಡಗಿದೆಯೆಂಬ ಸಂಶಯವಾದರೂ ಬರುವುದುಂಟೆ?

ಇನ್ನು ನಮ್ಮ ಕಸುಬಿನ ದೃಷ್ಟಾಂತ. ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗ. ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದವರಿಗೆ ಮಗ್ಗಗಳಲ್ಲಿಯೂ ಬಳಗವಿದೆಯೆಂಬುದನ್ನು ಹೇಳಬೇಕಾಗಿಲ್ಲ. ಕುಣಿಮಗ್ಗವಿದೆ, ಡಾಬಿ ಕಟ್ಟಿದ ಮಗ್ಗವಿದೆ, ಜಕಾರ್ಡ್ ಏರಿಸಿದ ಮಗ್ಗವಿದೆ, ಕರೆಂಟಿನಿಂದ ಓಡುವ ಪಾವರ್‌ಲೂಮ್ ಇದೆ. ಕುಣಿಮಗ್ಗವನ್ನು ಮಾತ್ರ ಬಲ್ಲವನಿಗೆ ನೇಯುವುದೆಂದರೆ ಕಾಲಿನಿಂದ ತುಳಿಯುವುದು, ಕೈಯಿಂದ ಎಳೆಯುವುದು. ಆದರೆ ಅವನು ಪಾವರ್‌ಲೂಮಿನ ಮುಂದೆ ನಿಂತಾಗ ಅಲ್ಲಿ ತುಳಿಯುವ ಕಾಲೂ ಇಲ್ಲ, ಎಳೆಯುವ ಕೈಯೂ ಇಲ್ಲ. ಹಾಗಾದರೆ ನೇಯುವುದೆಂದರೆ ಏನು? ಹಾಸಿನ ಎಳೆಗಳು ಮೇಲೆ ಕೆಳಗೆ ಬಾಯಿ ತೆರೆಯಬೇಕು. ಆ ಬಾಯಿಯಲ್ಲಿ ಲಾಳಿ ಹೊಕ್ಕನ್ನು ಹಾಯಿಸಬೇಕು. ಹಾಯಿಸಿದ ಹೊಕ್ಕನ್ನು ಹಣಿಗೆ ಬಡಿದು ಕೂಡಿಸಬೇಕು. ಈ ಮೂರು ಕ್ರಿಯೆಗಳೇ ನೇಯ್ಗೆ. ಉಳಿದುದೆಲ್ಲ ಆಯಾ ಮಗ್ಗದ ಏರ್ಪಾಟು. ಈ ವಿವೇಕ ಎರಡನೆಯ ಮಗ್ಗವನ್ನು ನೋಡಿದವನಿಗೇ ಬರುತ್ತದೆ. ಒಂದೇ ಮಗ್ಗದಲ್ಲಿ ಮೂವತ್ತು ವರ್ಷ ಕುಳಿತರೂ ತಾನಾಗಿ ಬರುವುದಿಲ್ಲ.

ಮಗ್ಗದ ಮಾತನ್ನು ಇಲ್ಲಿ ತಂದುದು ಬರಿಯ ಉಪಮೆಗಾಗಿ ಅಲ್ಲ. ಫ್ರಾನ್ಸಿನ ಜಕಾರ್ಡ್ ಎಂಬವನು 1804ರ ಸುಮಾರಿಗೆ ತೂತು ಹೊಡೆದ ರಟ್ಟುಗಳಿಂದ ಹಾಸಿನ ಎಳೆಗಳನ್ನು ಎತ್ತುವ ಉಪಾಯವನ್ನು ಬಳಕೆಗೆ ತಂದನು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಇಂಗ್ಲಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು 1830ರ ದಶಕದಲ್ಲಿ ಯೋಜಿಸಿದ ಗಣಕಯಂತ್ರಕ್ಕೆ ಅಪ್ಪಣೆ ಕೊಡಲು ಇದೇ ರಟ್ಟುಗಳನ್ನು ಆರಿಸಿಕೊಂಡನು. 1890ರಲ್ಲಿ ಅಮೇರಿಕೆಯ ಜನಗಣತಿಯನ್ನು ಹರ್ಮನ್ ಹೋಲರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದನು. ಸೀರೆಯ ದಡಿಯಲ್ಲಿ ಹೂ ಮೂಡಿಸುವ ರಟ್ಟಿನ ಸರಪಳಿಯೂ ಕಂಪ್ಯೂಟರಿನ ಪ್ರೋಗ್ರಾಮೂ ದೂರದ ನಂಟರು. ಆದುದರಿಂದ ನೇಕಾರರ ಮಕ್ಕಳು ಈ ವಿದ್ಯೆಗೆ ಅಪರಿಚಿತರೆಂದು ಅಳುಕಬೇಕಾದ ಕಾರಣವಿಲ್ಲ.

ನೇಯ್ಗೆಗೆ ಮೂರು ಕ್ರಿಯೆಗಳಿರುವಂತೆ ಪ್ರೋಗ್ರಾಮಿಗೂ ಮೂರು ಕಟ್ಟುಗಳಿವೆ. ಒಂದಾದ ಮೇಲೊಂದು ಮಾಡುವುದು, ಎರಡರಲ್ಲಿ ಒಂದನ್ನು ಆರಿಸುವುದು, ಮಾಡಿದುದನ್ನೇ ಮತ್ತೆ ಮಾಡುವುದು. ಈ ಮೂರರಿಂದ ಯಾವ ಲೆಕ್ಕದ ಕ್ರಮವನ್ನಾದರೂ ಕಟ್ಟಬಹುದೆಂದು ಬೋಮ್ ಮತ್ತು ಯಾಕೊಪಿನಿ ಎಂಬ ಇಟಲಿಯ ವಿದ್ವಾಂಸರು 1966ರಲ್ಲಿ ಸಾಧಿಸಿ ತೋರಿಸಿದರು. ಸಿ ಕಲಿತವನು ಜಾವಾ ತೆರೆದು ನೋಡಿದರೆ ಈ ಮೂರೂ ಹೆಚ್ಚುಕಡಿಮೆ ಅದೇ ವೇಷದಲ್ಲಿ ಇರುತ್ತವೆ. ಆಗ ಅವನ ಲಕ್ಷ್ಯವೆಲ್ಲ ಬೇರೆಯಾದ ಸಂಗತಿಗಳ ಮೇಲೆ ನಿಲ್ಲುತ್ತದೆ. ಕಲಿಕೆಯ ಸಾರವಿರುವುದು ಅಲ್ಲಿಯೇ. ಅಂಥ ಎರಡು ಮೂರು ಸಂಗತಿಗಳನ್ನು ಉದಾಹರಿಸುತ್ತೇನೆ.

ಘಟಪ್ರಭೆಯ ದಂಡೆಯ ಹೊಲವೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು 7 ಟನ್ ಕಬ್ಬನ್ನು ಸಮಪಾಲು ಮಾಡಿಕೊಳ್ಳಬೇಕಾಗಿದೆ ಎನ್ನೋಣ. ಪೈಥಾನಿನಲ್ಲಿ 7 / 2 ಎಂದು ಬರೆದರೆ 3.5 ಎಂಬ ಉತ್ತರ ಬರುತ್ತದೆ. ಸಿ ಭಾಷೆಯಲ್ಲಿ ಅದನ್ನೇ ಬರೆದರೆ 3 ಎಂದು ಬರುತ್ತದೆ. ಒಬ್ಬೊಬ್ಬನಿಗೆ ಅರ್ಧ ಟನ್ನಿನಂತೆ ಒಂದು ಟನ್ ಕಬ್ಬೇ ಲೆಕ್ಕದಿಂದ ಮಾಯವಾಗುತ್ತದೆ. ಸಿ ಭಾಷೆಯು ತಪ್ಪು ಮಾಡಿತೆಂದಲ್ಲ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರಬೇಕೆಂಬುದು ಅದರ ಕಟ್ಟಳೆ. ಪೈಥಾನ್ ಒಂದನ್ನೇ ಬಲ್ಲವನಿಗೆ ಭಾಗಾಕಾರದಲ್ಲಿ ಎರಡು ಬಗೆಯುಂಟೆಂಬ ಯೋಚನೆಯೇ ಹೊಳೆಯುವುದಿಲ್ಲ. ಎರಡನ್ನೂ ಕಂಡವನು ಯಾವ ಭಾಷೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ: 'ಇಲ್ಲಿ ಭಾಗಾಕಾರದ ಕಟ್ಟಳೆಯೇನು?' ಈ ಪ್ರಶ್ನೆಯನ್ನು ಕೇಳಲು ಬಂದುದೇ ವಿದ್ಯೆ.

ಎರಡನೆಯದು ನೂಲಿನ ಲೆಕ್ಕ. ನಮ್ಮಲ್ಲಿ ಮಾಲಕರಿಂದ ನೂಲು ತಂದು ಕೂಲಿಗೆ ನೇಯುವವರು ಬಹಳ. ತಂದ ನೂಲೆಷ್ಟು, ಸೀರೆಗೆ ಹೋದುದೆಷ್ಟು, ಉಳಿದುದೆಷ್ಟು ಎಂಬ ಲೆಕ್ಕವನ್ನು ಯಾರಾದರೂ ಇಡಲೇಬೇಕು. ಕಂಪ್ಯೂಟರಿನಲ್ಲಿಯೂ ಪ್ರೋಗ್ರಾಮಿಗೆ ನೆನಪಿನ ಜಾಗ ಬೇಕಾಗುತ್ತದೆ. ಸಿ ಭಾಷೆಯಲ್ಲಿ ಹಾಗೆ ಕೇಳಿ ಪಡೆದ ಜಾಗದ ಲೆಕ್ಕವೆಲ್ಲ ಬರೆಯುವವನದೇ. 'ಮ್ಯಾಲಕ್' ಎಂದು ಪಡೆದುದನ್ನು 'ಫ್ರೀ' ಎಂದು ತಾನೇ ಮರಳಿಸಬೇಕು. ಮರೆತರೆ ಯಂತ್ರದ ನೆನಪು ಸೋರಿಹೋಗುತ್ತದೆ. ಎರಡು ಸಲ ಮರಳಿಸಿದರೆ ಅನರ್ಥ. ಜಾವಾದಲ್ಲಿ ಈ ಲೆಕ್ಕಕ್ಕೆ ಒಬ್ಬ ಕಾರಕೂನನಿದ್ದಾನೆ. ಇನ್ನು ಬೇಡವಾದ ಜಾಗವನ್ನು ಅವನೇ ಹುಡುಕಿ ಗುಡಿಸುತ್ತಾನೆ. ಜಾವಾವನ್ನು ಮಾತ್ರ ಕಲಿತವನಿಗೆ ಅಂಥ ಕಾರಕೂನನೊಬ್ಬನಿದ್ದಾನೆಂದೂ, ಅವನಿಗೂ ಸಮಯವೆಂಬ ಸಂಬಳ ಕೊಡಬೇಕಾಗುತ್ತದೆಂದೂ ಗೊತ್ತಿರುವುದಿಲ್ಲ. ಸಿ ಭಾಷೆಯನ್ನು ಮಾತ್ರ ಕಲಿತವನಿಗೆ ಈ ದುಡಿಮೆಯನ್ನು ಬೇರೆಯವರಿಗೆ ವಹಿಸಬಹುದೆಂಬ ಕಲ್ಪನೆಯಿರುವುದಿಲ್ಲ.

ಮೂರನೆಯದು ಎಚ್ಚರಿಕೆಯ ಮಾತು. ಕೈಮಗ್ಗದಲ್ಲಿ ಹೊಕ್ಕಿನ ಎಳೆ ಹರಿದುದನ್ನು ನೇಕಾರನ ಕಣ್ಣೇ ಕಾಣಬೇಕು. ಹೊಕ್ಕು ಹರಿದೊಡನೆ ತಾನಾಗಿ ನಿಲ್ಲುವ ಏರ್ಪಾಟು ಪಾವರ್‌ಲೂಮಿನಲ್ಲಿರುತ್ತದೆ. ಹಾಗೆಯೇ ಹತ್ತು ಮನೆಗಳ ಸಾಲಿನಲ್ಲಿ ಹನ್ನೊಂದನೆಯ ಮನೆಯ ಕದ ತಟ್ಟಿದರೆ ಜಾವಾ ಆ ಕ್ಷಣದಲ್ಲೇ ತಡೆದು ತಪ್ಪನ್ನು ಹೇಳುತ್ತದೆ. ಸಿ ಭಾಷೆಯು ತಡೆಯುವ ಹೊಣೆಯನ್ನು ಹೊತ್ತಿಲ್ಲ. ಬೇರೆಯವರ ಮನೆಗೆ ನುಗ್ಗಿಯೂ ನುಗ್ಗೀತು.

ಬಳಗದಂತೆ ತೋರಿ ಬಳಗವಲ್ಲದವೂ ಇವೆ. ಅಲ್ಲಿ ಜಾಗರೂಕತೆ ಬೇಕು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮಗೆ 'ಅವ್ವ' ಎಂದರೆ ತಾಯಿ. ತೆಲುಗು ನಾಡಿನಲ್ಲಿ ಅವ್ವ ಎಂದರೆ ಅಜ್ಜಿ. ಮಾತು ಒಂದೇ ಆದರೂ ಬಂದು ನಿಲ್ಲುವವರು ಬೇರೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳ ಸಂಗತಿಯೂ ಇಂಥದೇ. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಕಟ್ಟಿದರು. ಜಾವಾ ಹೆಸರಿನ ಜನಪ್ರಿಯತೆಯಿಂದಾಗಿ ಅದಕ್ಕೆ ಈ ಹೆಸರು ಅಂಟಿತು. ಹೊರಗಿನ ಬರೆಹ ಜಾವಾದಂತೆ ಕಂಡರೂ ಒಳಗಿನ ವಿಚಾರಗಳು ಸ್ಕೀಮ್, ಸೆಲ್ಫ್ ಎಂಬ ಬೇರೆ ಭಾಷೆಗಳಿಂದ ಬಂದವು. ಹೆಸರನ್ನು ನೋಡಿ ನಂಟಸ್ತನ ಬೆಳೆಸುವವನು ಮೋಸಹೋಗುತ್ತಾನೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. 'ಹೆಚ್ಚುಕಡಿಮೆ ಒಂದೇ ತೆರನಾದ ಇನ್ನೊಂದನ್ನು ಕಲಿತು ಲಾಭವೇನು? ತೀರ ಬೇರೆಯದನ್ನು ಕಲಿತರೆ ಬುದ್ಧಿ ಬೆಳೆಯುವುದಿಲ್ಲವೆ?' ಈ ಆಕ್ಷೇಪಕ್ಕೆ ಘನವಾದ ಬೆಂಬಲವೂ ಇದೆ. 1966ರಲ್ಲಿ ಮೊತ್ತಮೊದಲ ಟ್ಯೂರಿಂಗ್ ಪಾರಿತೋಷಕವನ್ನು ಪಡೆದ ಆಲನ್ ಪರ್ಲಿಸ್ ಅವರು, ನಮ್ಮ ವಿಚಾರದ ರೀತಿಯನ್ನೇ ಬದಲಿಸದ ಭಾಷೆ ಕಲಿಯಲು ಯೋಗ್ಯವಲ್ಲ ಎಂಬರ್ಥದ ಮಾತನ್ನು 1982ರಲ್ಲಿ ಬರೆದರು. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲಿಸ್ಪ್, ಹ್ಯಾಸ್ಕೆಲ್ ಮೊದಲಾದ ದೂರದ ಭಾಷೆಗಳನ್ನು ಕಲಿಯುವ ದಿನವೂ ಬರಲಿ. ಆದರೆ ಅದು ಎರಡನೆಯ ಮೆಟ್ಟಿಲಲ್ಲ, ಮೂರನೆಯದು. ದೂರದ ಭಾಷೆಯಲ್ಲಿ ಎಲ್ಲವೂ ಹೊಸದಾಗಿರುವುದರಿಂದ ಎಡವಿದವನಿಗೆ ತಾನು ಎಲ್ಲಿ ಎಡವಿದೆನೆಂದೇ ತಿಳಿಯುವುದಿಲ್ಲ. ಕೈಹಿಡಿದು ನಡೆಸುವ ಗುರು ಬೇಕಾಗುತ್ತದೆ.

ನನ್ನ ವಾದದ ತಿರುಳು ಇಲ್ಲಿದೆ. ವಿದ್ಯಾವಂತರ ಮನೆಯಲ್ಲಿ ಹುಟ್ಟಿದವನಿಗೆ ಸಂಶಯ ಬಂದರೆ ಕೇಳಲು ಅಣ್ಣನಿದ್ದಾನೆ, ಸೋದರಮಾವನಿದ್ದಾನೆ. ನಮ್ಮಂಥವರು ಕಲಿತ ಪಾಠವನ್ನು ಮನೆಗೆ ಒಯ್ದರೆ ಅದು ಸರಿಯೋ ತಪ್ಪೋ ಎಂದು ಹೇಳುವವರಿಲ್ಲ. ತಂದೆತಾಯಿಗಳಿಗೆ ಬುದ್ಧಿಯಿಲ್ಲವೆಂದಲ್ಲ, ಅವರ ಬುದ್ಧಿ ಬೇರೆ ವಿದ್ಯೆಯಲ್ಲಿ ಪಳಗಿದೆ. ಇಂಥವರಿಗೆ ಎರಡು ಬಳಗದ ಭಾಷೆಗಳು ಒಂದಕ್ಕೊಂದು ಗುರುವಾಗುತ್ತವೆ. ಇದರಲ್ಲಿ ಅರ್ಥವಾಗದುದನ್ನು ಅದರಲ್ಲಿ ಬರೆದು ನೋಡಬಹುದು. ಉತ್ತರಗಳು ಬೇರೆಯಾದರೆ ಕಾರಣವನ್ನು ಹುಡುಕಬಹುದು. ಹೋಲಿಕೆಯೇ ಇಲ್ಲಿ ಮಾಸ್ತರ. ಅದಕ್ಕೆ ಫೀಯೂ ಇಲ್ಲ.

'ಎರಡನ್ನು ಕಲಿತರೆ ಗೊಂದಲವಾಗುವುದಿಲ್ಲವೆ?' ಎಂಬುದು ಇನ್ನೊಂದು ಆಕ್ಷೇಪ. ಗೊಂದಲವಾಗುತ್ತದೆ, ನಿಜ. ಆದುದರಿಂದಲೇ ಮೊದಲನೆಯದು ಕೈಗೆ ಹತ್ತಿದ ಮೇಲೆ ಎರಡನೆಯದನ್ನು ಹಿಡಿಯಬೇಕು. ಎರಡನ್ನೂ ಒಂದೇ ತಿಂಗಳಲ್ಲಿ ಆರಂಭಿಸಬಾರದು. ಆಮೇಲೆ ಬರುವ ಗೊಂದಲದಿಂದ ಹಾನಿಯಿಲ್ಲ. ಗೊಂದಲವಾದ ಸ್ಥಳವೇ ಎರಡು ಭಾಷೆಗಳೂ ಅಗಲುವ ಸ್ಥಳ. ಅಲ್ಲಿ ನಿಂತು ನೋಡಬೇಕಾದದ್ದೇ ಪಾಠ.

ಮೂರನೆಯ ಆಕ್ಷೇಪ ಹೊಸ ಕಾಲದ್ದು. 'ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮು ಬರೆದುಕೊಡುತ್ತದೆ. ನಾವೇಕೆ ಒಂದನ್ನಾದರೂ ಕಲಿಯಬೇಕು?' ಬರೆದುಕೊಡುತ್ತದೆ, ಸರಿ. ಬರೆದುದು ಸರಿಯೇ ಎಂದು ಓದಿ ನೋಡುವವರು ಯಾರು? 7 ಟನ್ ಕಬ್ಬಿನ ಪಾಲಿನಲ್ಲಿ ಒಂದು ಟನ್ ಮಾಯವಾದುದನ್ನು ಹಿಡಿಯುವ ಕಣ್ಣು ಬೇಕು. ಬರೆಯುವ ಕೆಲಸ ಯಂತ್ರಕ್ಕೆ ಹೋದಷ್ಟೂ ಒರೆಹಚ್ಚಿ ನೋಡುವ ಕೆಲಸ ಮನುಷ್ಯನಿಗೆ ಉಳಿಯುತ್ತದೆ.

ಹೊಟ್ಟೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಪಾವರ್‌ಲೂಮು ಬಂದಾಗ ಕೈಮಗ್ಗವನ್ನೇ ನಂಬಿದ ಮನೆಗಳು ಏನಾದುವೆಂಬುದನ್ನು ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮಾತು ಕಂಪ್ಯೂಟರಿನಲ್ಲಿಯೂ ನಡೆದಿದೆ. ಮೊಬೈಲು ಫೋನುಗಳ ಆ್ಯಂಡ್ರಾಯ್ಡಿಗೆ ಮೊದಲು ಜಾವಾ ಮುಖ್ಯ ಭಾಷೆಯಾಗಿತ್ತು. 2017ರಲ್ಲಿ ಗೂಗಲ್ ಸಂಸ್ಥೆಯು ಕೋಟ್ಲಿನ್ ಎಂಬ, ಜಾವಾದ ಬಳಗದ ಭಾಷೆಗೆ ಅಧಿಕೃತ ಮನ್ನಣೆ ಕೊಟ್ಟು, 2019ರಲ್ಲಿ ಅದಕ್ಕೇ ಅಗ್ರಸ್ಥಾನವೆಂದು ಸಾರಿತು. ನಂಟು ಬೆಳೆಸಲು ಬಲ್ಲವರಿಗೆ ಇದು ಓಣಿ ದಾಟಿದಂತೆ. 'ನನಗೆ ಬರುವುದು ಜಾವಾ ಮಾತ್ರ' ಎಂದವರಿಗೆ ಹೊಳೆ ದಾಟಿದಂತೆ.

ಒಂದೇ ಭಾಷೆಯಲ್ಲಿ ಕುಳಿತಿರುತ್ತೇನೆಂದರೂ ಅದು ಕುಳಿತಿರಲು ಬಿಡುವುದಿಲ್ಲ. ಪೈಥಾನಿನ ಮೂರನೆಯ ಆವೃತ್ತಿ 2008ರಲ್ಲಿ ಬಂತು. ಎರಡನೆಯದಕ್ಕೆ ದೊರೆಯುತ್ತಿದ್ದ ಆರೈಕೆ 2020ರ ಜನವರಿ 1ಕ್ಕೆ ಮುಗಿಯಿತು. ಹಳೆಯ ಪೈಥಾನಿನಲ್ಲಿ 7 / 2 ಎಂದರೆ ಸಿ ಭಾಷೆಯಂತೆ 3 ಎಂದೇ ಬರುತ್ತಿತ್ತು. ರನ್ನನ ಪಾಲ್ ನಮಗೆ ಹಾಲಾದಂತೆ ಅದೂ ಬದಲಾಯಿತು. ಪ್ರತಿಯೊಂದು ಭಾಷೆಯೂ ಕಾಲಾಂತರದಲ್ಲಿ ತನಗೆ ತಾನೇ ನಂಟನಾಗುತ್ತದೆ. ನಂಟರೊಡನೆ ಬಾಳುವ ರೂಢಿ ಇದ್ದವರಿಗೆ ಅದರ ಭಯವಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಅಳುಕು ಇದೆಯೆಂಬುದನ್ನು ಬಲ್ಲೆ. ಆದರೆ 1989ರಲ್ಲಿ ಗೊತ್ತುಮಾಡಿದ ಸಿ ಭಾಷೆಯ ಶಿಷ್ಟರೂಪದಲ್ಲಿ ಮೀಸಲು ಪದಗಳು 32 ಮಾತ್ರ. ಒಂದು ಹಾಳೆಯ ಅರ್ಧದಲ್ಲಿ ಬರೆದು ಮುಗಿಸಬಹುದು. ಜಾವಾಕ್ಕೆ ಹೋದಾಗ ಅವುಗಳಲ್ಲಿ ಬಹಳಷ್ಟು ಅವೇ ಮತ್ತೆ ಎದುರಾಗುತ್ತವೆ. ಹಳಗನ್ನಡದ ಹತ್ತು ಪದ್ಯಗಳ ಕಠಿಣ ಪದಗಳನ್ನು ಪರೀಕ್ಷೆಗಾಗಿ ಕಲಿಯುವ ನಮಗೆ ಇದೇನು ಭಾರ? ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ವಿದ್ಯೆಗಾಗಿ ದೂರದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಬಳಿ ಕಲಿತನೆಂದು ನಮ್ಮ ಸಾಹಿತ್ಯಚರಿತ್ರೆ ಹೇಳುತ್ತದೆ. ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ.

ಕೊನೆಗೆ ನನ್ನದೊಂದು ಸೂಚನೆ. ನಮ್ಮ ಕಾಲೇಜಿನಲ್ಲಿ ಸಿ ಬಲ್ಲವರೂ ಇದ್ದಾರೆ, ಜಾವಾ ಬಲ್ಲವರೂ ಇದ್ದಾರೆ, ಪೈಥಾನ್ ಬಲ್ಲವರೂ ಇದ್ದಾರೆ. ಒಬ್ಬರದನ್ನೊಬ್ಬರು ನೋಡಿಲ್ಲ ಅಷ್ಟೆ. ಶನಿವಾರ ಕ್ಲಾಸು ಮುಗಿದ ಮೇಲೆ ಒಂದು ಗಂಟೆ ಜೊತೆಗೆ ಕೂಡೋಣ. ಒಂದೇ ಸಣ್ಣ ಲೆಕ್ಕವನ್ನು, ನೇಕಾರನ ವಾರದ ಕೂಲಿಯನ್ನೋ ಕಬ್ಬಿನ ಬಿಲ್ಲನ್ನೋ, ಮೂವರೂ ತಮ್ಮ ತಮ್ಮ ಭಾಷೆಯಲ್ಲಿ ಬರೆಯಲಿ. ಬರೆದುದನ್ನು ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಒಂದಾಯಿತು, ಎಲ್ಲಿ ಬೇರೆಯಾಯಿತು, ಏಕೆ ಎಂದು ಒಬ್ಬರಿಗೊಬ್ಬರು ಕನ್ನಡದಲ್ಲಿಯೇ ವಿವರಿಸಲಿ. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕಿರಿಯ ಮಿತ್ರರು ಈ ಕೂಟವನ್ನು ಆರಂಭಿಸಿ, ಅಲ್ಲಿ ಕಂಡ ವ್ಯತ್ಯಾಸಗಳ ಪಟ್ಟಿಯೊಂದನ್ನು ಮುಂದಿನ ಸಂಚಿಕೆಗೆ ಕೊಡಬೇಕೆಂದು ವಿನಂತಿಸುತ್ತೇನೆ.